ಮೊದಲು ಕೆಲಸ ನೋಡಿ, ಆಮೇಲೆ ಟ್ರ್ಯಾಕ್ಟರ್: ನಿಮ್ಮ ಹೊಲಕ್ಕೆ ಯಾವ ಗಾಡಿ?

ಟ್ರ್ಯಾಕ್ಟರ್ ತಗೊಳ್ಳಬೇಕು ಅಂತ ಊರಲ್ಲಿ ಬಾಯಿ ಬಿಟ್ಟರೆ ಸಾಕು, ಹತ್ತು ಜನ ಹತ್ತು ಕಂಪನಿ ಹೆಸರು ಹೇಳುತ್ತಾರೆ. ಒಬ್ಬರಿಗೆ ಕೆಂಪು ಗಾಡಿಯೇ ಆಗಬೇಕು, ಇನ್ನೊಬ್ಬರಿಗೆ ನೀಲಿ. ಅವರು ಹೇಳುವುದು ಸುಳ್ಳಲ್ಲ. ಆದರೆ ಅದು ಅವರವರ ಹೊಲದ ಮಾತು. ಗದಗಿನ ಎರೆ ಹೊಲದಲ್ಲಿ ಸೈ ಅನ್ನಿಸಿಕೊಂಡ ಗಾಡಿ ಶಿಡ್ಲಘಟ್ಟದ ಹಿಪ್ಪುನೇರಳೆ ಸಾಲಿನೊಳಗೆ ಹೋಗುವುದೇ ಇಲ್ಲ. ಅಡಿಕೆ ತೋಟದಲ್ಲಿ ಸಲೀಸಾಗಿ ಓಡಾಡುವ ಮಿನಿ ಟ್ರ್ಯಾಕ್ಟರಿಗೆ ಸಿಂಧನೂರಿನ ಕೆಸರು ಗದ್ದೆ ತೋರಿಸಿದರೆ ಅರ್ಧ ದಿನಕ್ಕೇ ಸುಸ್ತು.

ಭೂಮಿಯಲ್ಲಿ ಕೆಲಸ ಮಾಡುವುದು ಟ್ರ್ಯಾಕ್ಟರ್ ಅಲ್ಲ, ಅದರ ಹಿಂದೆ ಕಟ್ಟುವ ಸಲಕರಣೆ. ಅದಕ್ಕೇ ಹಿಂದಿನಿಂದ ಮುಂದಕ್ಕೆ ಯೋಚಿಸಿ. ಮೊದಲು ಮಣ್ಣು ಮತ್ತು ಬೆಳೆ, ಆಮೇಲೆ ಅದಕ್ಕೆ ಬೇಕಾದ ಸಲಕರಣೆ, ಅದನ್ನು ಎಳೆಯುವ ಗಾಡಿ ಕೊನೆಗೆ. ಶೋರೂಮಿನಲ್ಲಿ ಇದು ತಿರುವುಮುರುವು ಆಗುತ್ತದೆ. ಗಾಡಿ ಮೊದಲು ಮಾರಿ, ಮಣ್ಣು ಪುಡಿ ಮಾಡುವ ರೋಟವೇಟರ್ ಆಮೇಲೆ ತಗಲಿಸುತ್ತಾರೆ.

1. ವರ್ಷಕ್ಕೆ ಎಷ್ಟು ಗಂಟೆ ಕೆಲಸ ಇದೆ?

ಒಂದು ಹಾಳೆ ತಗೊಂಡು ಬರೆಯಿರಿ. ಐದು ಎಕರೆ, ವರ್ಷಕ್ಕೆ ಎರಡು ಬೆಳೆ ಅಂತ ಇಟ್ಟುಕೊಳ್ಳೋಣ. ಎಕರೆಗೆ ನೇಗಿಲು ಹೊಡೆಯಲು ಎರಡು ಗಂಟೆ, ಎರಡು ಸಲ ಕಲ್ಟಿವೇಟರ್‌ಗೆ ಒಂದೂವರೆ, ರೋಟವೇಟರ್‌ಗೆ ಒಂದು, ಬಿತ್ತನೆಗೆ ಒಂದು, ಎಡೆ ಹೊಡೆಯುವುದು, ಔಷಧ, ಗೊಬ್ಬರ ಸಾಗಣೆ ಎಲ್ಲ ಸೇರಿ ಇನ್ನೊಂದು ನಾಲ್ಕೂವರೆ. ಧಾರಾಳವಾಗಿ ಹತ್ತು ಗಂಟೆ ಅನ್ನಿ. ಐದು ಎಕರೆಗೆ 50, ಎರಡು ಬೆಳೆಗೆ 100 ಗಂಟೆ.

ಟ್ರ್ಯಾಕ್ಟರ್ ಲಾಭದಲ್ಲಿ ಇರಬೇಕಾದರೆ ವರ್ಷಕ್ಕೆ 1000 ಗಂಟೆ ದುಡಿಯಬೇಕು ಅನ್ನುವುದು ಸಾಲ ಕೊಡುವವರೂ ಕೃಷಿ ಇಂಜಿನಿಯರುಗಳೂ ಬಳಸಿಕೊಂಡು ಬಂದ ಲೆಕ್ಕ. ಅಂದರೆ ನಿಮ್ಮ ಹೊಲದ ಕೆಲಸ ಅದರ ಹತ್ತನೇ ಒಂದು ಪಾಲು. ಉಳಿದ ಗಂಟೆ ಬಾಡಿಗೆಯಿಂದಲೋ ಟ್ರೇಲರ್ ಸಾಗಣೆಯಿಂದಲೋ ಬರಬೇಕು. ಊರಲ್ಲಿ ಆಗಲೇ ಹದಿನೈದು ಟ್ರ್ಯಾಕ್ಟರ್ ಬಾಡಿಗೆಗೆ ಕಾಯುತ್ತ ನಿಂತಿದ್ದರೆ ಹದಿನಾರನೆಯದಕ್ಕೆ ಕೆಲಸ ಎಲ್ಲಿಂದ ಬರಬೇಕು?

ಲೆಕ್ಕ ಕೂಡದಿದ್ದರೆ ಬಾಡಿಗೆಗೆ ತರಿಸುವುದೇ ಮೇಲು. ರಾಜ್ಯ ಸರ್ಕಾರ 2014-15ರಲ್ಲಿ ಶುರು ಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ರೋಟವೇಟರ್, ಬಿತ್ತನೆ ಯಂತ್ರ ಎಲ್ಲ ಬಾಡಿಗೆಗೆ ಸಿಗುತ್ತವೆ. ಸೀಜನ್‌ನಲ್ಲಿ ಎಲ್ಲರಿಗೂ ಒಂದೇ ದಿನ ಬೇಕು ಅನ್ನುವುದೊಂದೇ ತೊಂದರೆ. ಹದ ಹೋದ ಮೇಲೆ ಗಾಡಿ ಬಂದರೆ ಏನು ಬಂತು, ಅಲ್ವಾ? ಬಹಳ ಜನ ಸ್ವಂತ ಗಾಡಿ ಕೊಳ್ಳುವುದು ಈ ಹದದ ಚಿಂತೆಗೇ. ಅದು ತಪ್ಪಲ್ಲ. ಆದರೆ ಆ ಚಿಂತೆ ಕಳೆಯಲು ಎಷ್ಟು ದುಡ್ಡು ಕೊಡುತ್ತಿದ್ದೀರಿ ಅನ್ನುವುದು ಗೊತ್ತಿರಲಿ.

2. ಯಾವ ಭೂಮಿಗೆ ಯಾವ ಬಗೆ?

ಮಲೆನಾಡು ಮತ್ತು ಕರಾವಳಿಯ ಸಣ್ಣ ಸಣ್ಣ ಗದ್ದೆಗಳಿಗೆ, ಎತ್ತರದ ಅಂಚು ದಾಟಿಸಬೇಕಾದ ಕಡೆ, ಟ್ರ್ಯಾಕ್ಟರಿಗಿಂತ ಪವರ್ ಟಿಲ್ಲರೇ ವಾಸಿ. 12ರಿಂದ 15 ಎಚ್‌ಪಿ, ಎರಡು ಗಾಲಿ, ಹಿಂದೆ ನಡೆದುಕೊಂಡು ಹೋಗಬೇಕು. ದಿನವಿಡೀ ಹಿಡಿದರೆ ಕೈ ಜೋಮು ಹಿಡಿಯುತ್ತದೆ ನಿಜ, ಆದರೆ ಎರಡು ಗುಂಟೆಯ ಗದ್ದೆಯೊಳಗೂ ತಿರುಗುತ್ತದೆ.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಮಿನಿ ಟ್ರ್ಯಾಕ್ಟರ್. ಸುಮಾರು 15ರಿಂದ 28 ಎಚ್‌ಪಿ, ಅಗಲ ಮೂರರಿಂದ ನಾಲ್ಕು ಅಡಿ. ಬೆಂಗಳೂರಿನ ವಿಎಸ್‌ಟಿ, ಕುಬೋಟಾದ ನಿಯೋಸ್ಟಾರ್, ಮಹೀಂದ್ರಾದ ಜೀವೋ ಎಲ್ಲ ಈ ಗುಂಪಿನವು. ರೇಷ್ಮೆ ಕಡೆಯವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಹಿಪ್ಪುನೇರಳೆಯನ್ನು ಜೋಡಿ ಸಾಲಿನಲ್ಲಿ ನೆಡುತ್ತಾರೆ: ಎರಡು ಸಾಲಿನ ನಡುವೆ 3 ಅಡಿ, ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ 5 ಅಡಿ. ಆ 5 ಅಡಿ ಜಾಗ ಇರುವುದೇ ಟಿಲ್ಲರ್, ಮಿನಿ ಟ್ರ್ಯಾಕ್ಟರ್ ಓಡಾಡಲಿ ಅಂತ. ಕಬ್ಬಿಗೆ ಮಣ್ಣು ಏರಿಸಲು, ದಾಳಿಂಬೆ ಮತ್ತು ದ್ರಾಕ್ಷಿಗೆ ಬ್ಲೋವರ್‌ನಿಂದ ಔಷಧ ಹೊಡೆಯಲು, ಅಡಿಕೆ ತೋಟದಲ್ಲಿ ಕಳೆ ಸವರಲು ಇದೇ ಸರಿ. ದ್ರಾಕ್ಷಿ ತೋಟಕ್ಕಾದರೆ ಬಾನೆಟ್ ತಗ್ಗಾಗಿರುವ, ಸೈಲೆನ್ಸರ್ ಮೇಲಕ್ಕೆ ಚಾಚದೆ ಕೆಳಗೆ ಬಾಗಿರುವ ತೋಟದ ಮಾಡೆಲ್ ಕೇಳಿ. ಬಳ್ಳಿಗೆ ಹೊಗೆಯ ಬಿಸಿ ತಾಗಬಾರದು.

ಸಾಲಿನ ಅಗಲ ಅಳೆಯುವಾಗ ಒಂದು ಎಚ್ಚರ. ಗಿಡದ ಬುಡದಿಂದ ಬುಡಕ್ಕೆ ಟೇಪು ಹಿಡಿಯಬೇಡಿ. ಕೊಂಬೆ ಪೂರ್ತಿ ಹರಡಿರುವ ಕಾಲದಲ್ಲಿ ಕೊಂಬೆಯ ತುದಿಯಿಂದ ತುದಿಗೆ ಅಳೆಯಿರಿ, ಎರಡೂ ಬದಿಗೆ ಅರ್ಧರ್ಧ ಅಡಿಯಾದರೂ ಬಿಡಿ. ಉಳಿದದ್ದು ನಿಮ್ಮ ಟ್ರ್ಯಾಕ್ಟರಿನ ಅಗಲ. ಸಾಲಿನ ಕೊನೆಯಲ್ಲಿ ತಿರುಗಿಸಿಕೊಳ್ಳಲು ಜಾಗ ಇದೆಯಾ ಅಂತಲೂ ನೋಡಿ. ಬೇಲಿವರೆಗೂ ಗಿಡ ಹಾಕಿಬಿಟ್ಟ ತೋಟದಲ್ಲಿ ಎಂಥ ಗಾಡಿಯೂ ಒಂದೇ. ಮಿನಿ ಕೊಳ್ಳುವುದಾದರೆ ನಾಲ್ಕೂ ಗಾಲಿ ಎಳೆಯುವ ಫೋರ್ ವ್ಹೀಲ್ ಡ್ರೈವ್ ತಗೊಳ್ಳುವುದು ಜಾಣತನ, ಯಾಕೆಂದರೆ ಸಣ್ಣ ಗಾಡಿಗೆ ತೂಕ ಕಮ್ಮಿ, ಬೇಗ ಜಾರುತ್ತದೆ. ಎರೆ ಹೊಲದ ಆಳ ಉಳುಮೆ, ಏರು ರಸ್ತೆಯಲ್ಲಿ ತುಂಬಿದ ಟ್ರೇಲರ್, ಇವೆರಡನ್ನೂ ಮಿನಿಯಿಂದ ಬಯಸಬೇಡಿ.

ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಮಣ್ಣಿಗೆ 35ರಿಂದ 45 ಎಚ್‌ಪಿಯ ಮಾಮೂಲಿ ಟೂ ವ್ಹೀಲ್ ಡ್ರೈವ್ ಸಾಕು. ಒಂಬತ್ತು ಕುಳದ ಕಲ್ಟಿವೇಟರ್, ಐದಡಿ ರೋಟವೇಟರ್, ಕೂರಿಗೆ, ಶೇಂಗಾ ಬಿಡಿಸುವ ಯಂತ್ರ, ಟ್ರೇಲರ್ ಎಲ್ಲಕ್ಕೂ ಆಗುತ್ತದೆ. ಇದಕ್ಕಿಂತ ಜಾಸ್ತಿ ಹೇಳುವುದಕ್ಕೇನೂ ಇಲ್ಲ. ನಮ್ಮಲ್ಲಿ ಓಡುವ ಗಾಡಿಗಳಲ್ಲಿ ಹೆಚ್ಚಿನವು ಇವೇ.

ಎರೆ ಭೂಮಿಯ ಕಥೆ ಬೇರೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆ ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಕಲ್ಲಾಗಿರುತ್ತದೆ, ಮಳೆ ಬಿದ್ದರೆ ಗಾಲಿಗೆ ಅಂಟಿಕೊಂಡು ಟೈರಿನ ಹಲ್ಲೇ ಕಾಣುವುದಿಲ್ಲ. ಇಲ್ಲಿ ಮಾಗಿ ಉಳುಮೆಗೆ ಎರಡು ಕುಳದ ಪಲ್ಟಿ ನೇಗಿಲು ಎಳೆಯಬೇಕಾದರೆ 45ರಿಂದ 55 ಎಚ್‌ಪಿ ಬೇಕು. ಪಲ್ಟಿ ನೇಗಿಲಿನ ಅನುಕೂಲ ಏನೆಂದರೆ, ಸಾಲಿನ ಕೊನೆಗೆ ಬಂದು ಲಿವರ್ ಎಳೆದರೆ ನೇಗಿಲು ಮಗುಚಿಕೊಳ್ಳುತ್ತದೆ. ಹೋಗುವಾಗಲೂ ಬರುವಾಗಲೂ ಮಣ್ಣು ಒಂದೇ ಕಡೆಗೆ ಬೀಳುತ್ತದೆ, ಹೊಲದ ನಡುವೆ ಕಾಲುವೆ ಉಳಿಯುವುದಿಲ್ಲ. ಎಚ್‌ಪಿ ಜೊತೆಗೆ ತೂಕವೂ ಬೇಕು. ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿದರೆ ಒಂದೊಂದು ಗಾಲಿಗೆ ನೂರು ಕೆ.ಜಿ.ಗೂ ಜಾಸ್ತಿ ತೂಕ ಬರುತ್ತದೆ. ಕಬ್ಬಿಣದ ತೂಕ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ.

ಭತ್ತದ ಕೆಸರು ಗದ್ದೆಗೆ, ಅಂದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪ, ಮಂಡ್ಯ ಕಡೆಗೆ, ಫೋರ್ ವ್ಹೀಲ್ ಡ್ರೈವ್ ಅನ್ನುವುದು ಶೋಕಿ ಅಲ್ಲ. ಕೆಸರಲ್ಲಿ ಮುಂದಿನ ಗಾಲಿಯೂ ಎಳೆದರೆ ಗಾಡಿ ಹೂಳುವುದು ಕಮ್ಮಿ. ಇಲ್ಲಿ ನೋಡಬೇಕಾದ್ದು ಸೀಲುಗಳನ್ನು. ಮುಂದಿನ ಆಕ್ಸಲ್, ಹಬ್, ಬ್ರೇಕ್, ಎಲ್ಲೆಲ್ಲಿ ಕೆಸರು ನುಗ್ಗಬಹುದೋ ಅಲ್ಲೆಲ್ಲ ಕಂಪನಿ ಏನು ತಡೆ ಇಟ್ಟಿದೆ ಅಂತ ಕೇಳಿ. ಕೆಸರಿಗೆ ಹಾಕುವ ಕಬ್ಬಿಣದ ಕೇಜ್ ವ್ಹೀಲ್ ಹಾಕಿಕೊಂಡು ಡಾಂಬರು ರಸ್ತೆಗೆ ಇಳಿಯುವಂತಿಲ್ಲ, ರಸ್ತೆ ಕಿತ್ತುಹೋಗುತ್ತದೆ. ಹಾಗೇ ಗಟ್ಟಿ ರಸ್ತೆಯಲ್ಲಿ ಫೋರ್ ವ್ಹೀಲ್ ಲಿವರ್ ಬಿಡಿಸಿಯೇ ಓಡಿಸಿ. ಇಲ್ಲದಿದ್ದರೆ ಮುಂದಿನ ಟೈರು ನೋಡನೋಡುತ್ತಲೇ ಸವೆಯುತ್ತದೆ.

ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಜೋಡಿ ಡಬ್ಬಿ (ಅಂದರೆ ಎರಡು ಟ್ರೇಲರ್) ಎಳೆಯುವವರಿಗೆ 50ರ ಮೇಲಿನ ಗಾಡಿ, ಎಣ್ಣೆಯಲ್ಲಿ ಮುಳುಗಿರುವ ಆಯಿಲ್ ಬ್ರೇಕ್, ಪವರ್ ಸ್ಟೀರಿಂಗ್ ಮೂರೂ ಬೇಕು. ಇಲ್ಲೊಂದು ವಿಷಯ ತಿಳಿದಿರಲಿ. 50 ಎಚ್‌ಪಿ ದಾಟಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್-4 ಹೊಗೆ ನಿಯಮ ಬಂದಿದೆ. ಇವುಗಳಲ್ಲಿ ಡೀಸೆಲ್ ಹಾಯಿಸುವುದು ಕಂಪ್ಯೂಟರ್, ಸೆನ್ಸರ್‌ಗಳ ಲೆಕ್ಕದಲ್ಲಿ. ಹೊಗೆ ಕಮ್ಮಿ. ಆದರೆ ಕೆಟ್ಟರೆ ಊರ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿ ಮಾಡುವಂಥದ್ದಲ್ಲ, ಕಂಪನಿಯವರೇ ಬರಬೇಕು. ಕ್ಯಾನಿನಲ್ಲಿ ಇಟ್ಟ ಕಸ ತುಂಬಿದ ಡೀಸೆಲ್ ಇವಕ್ಕೆ ಆಗಿಬರುವುದಿಲ್ಲ. ಅದಕ್ಕೇ ಕಂಪನಿಗಳು 49 ಚಿಲ್ಲರೆ ಎಚ್‌ಪಿಯ ಮಾಡೆಲ್‌ಗಳನ್ನು ಬೇಕಾದಷ್ಟು ಇಟ್ಟಿವೆ. ಸರ್ವಿಸ್ ಸೆಂಟರ್ ದೂರ ಇರುವವರು 50ರ ಒಳಗೇ ಇರುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

3. ಬಾನೆಟ್ ಮೇಲಿನ ಎಚ್‌ಪಿ ಬೇರೆ, ಹಿಂದೆ ಸಿಗುವ ಎಚ್‌ಪಿ ಬೇರೆ

45 ಅಂತ ಬರೆದಿರುವುದು ಇಂಜಿನ್ನಿನ ಶಕ್ತಿ. ಗೇರು ದಾಟಿ, ಹಿಂದೆ ಕಟ್ಟಿದ ಸಲಕರಣೆಯನ್ನು ತಿರುಗಿಸುವ ಪಿಟಿಒ ಶಾಫ್ಟಿಗೆ ಬರುವಷ್ಟರಲ್ಲಿ ಸುಮಾರು ನೂರಕ್ಕೆ 85 ಉಳಿಯುತ್ತದೆ. ಅಂದರೆ 38ರ ಆಸುಪಾಸು. ರೋಟವೇಟರ್, ಒಕ್ಕುವ ಯಂತ್ರ, ಬ್ಲೋವರ್ ಎಲ್ಲ ತಿರುಗುವುದು ಈ 38ರಲ್ಲಿ. ಹಾಗಾಗಿ ಡೀಲರ್ ಹತ್ತಿರ ಪಿಟಿಒ ಎಚ್‌ಪಿ ಎಷ್ಟು ಅಂತ ಕೇಳಿ. ಬ್ರೋಷರ್ ಮೇಲೆ ನಂಬಿಕೆ ಇಲ್ಲದಿದ್ದರೆ ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯ ವರದಿ ಕೇಳಿ. ಪಿಟಿಒ ಶಕ್ತಿ, ಎಳೆಯುವ ಶಕ್ತಿ, ಡೀಸೆಲ್ ಖರ್ಚು ಎಲ್ಲ ಅಳೆದು ಬರೆದಿರುತ್ತಾರೆ.

ಅಂದಾಜು ಲೆಕ್ಕ ಹೀಗಿದೆ. ಐದಡಿ ರೋಟವೇಟರಿಗೆ 35ರಿಂದ 40 ಎಚ್‌ಪಿ, ಆರಡಿಗೆ 45ರಿಂದ 50, ಏಳಡಿಗೆ 50ರ ಮೇಲೆ. ಮಣ್ಣು ಗಟ್ಟಿ ಇದ್ದರೆ ಒಂದು ಅಡಿ ಕಮ್ಮಿ ಮಾಡಿ. ಪಕ್ಕದ ಮನೆಯವರದು ಏಳಡಿ ಇದೆ ಅಂತ 42 ಎಚ್‌ಪಿಗೆ ಏಳಡಿ ಕಟ್ಟಿದರೆ ಇಂಜಿನ್ ಕಪ್ಪು ಹೊಗೆ ಬಿಡುತ್ತ ಒದ್ದಾಡುತ್ತದೆ, ಗಂಟೆಗೆ ಆಗುವ ಕೆಲಸವೂ ಆರಡಿಗಿಂತ ಕಮ್ಮಿಯೇ. ಆರಡಿ ರೋಟವೇಟರ್ ಗಂಟೆಗೆ ಮೂರೂವರೆ ಕಿಲೋಮೀಟರ್ ವೇಗದಲ್ಲಿ ಹೋದರೆ, ತಿರುಗಿಸಿಕೊಳ್ಳುವ ಸಮಯ ಕಳೆದು, ಗಂಟೆಗೆ ಒಂದೂಕಾಲು ಎಕರೆ ಹತ್ತಿರ ಆಗಬೇಕು. ಬಾಡಿಗೆಯವರು ಎಕರೆಗೆ ಎರಡು ಗಂಟೆ ತಗೊಂಡರೆ ಯಾಕೆ ಅಂತ ಕೇಳಬಹುದು.

ರೋಟವೇಟರ್ ಬಗ್ಗೆ ಇನ್ನೊಂದು ಮಾತು. ಎಲ್ಲದಕ್ಕೂ ಅದೇ ಅನ್ನುವ ಚಟ ಈಗ ಜಾಸ್ತಿಯಾಗಿದೆ. ಮೇಲಿನ ನಾಲ್ಕೈದು ಇಂಚು ಹಿಟ್ಟಿನಂತಾಗುತ್ತದೆ, ಕೆಳಗೆ ನೆಲ ಗಟ್ಟಿ ಪದರ ಕಟ್ಟುತ್ತದೆ, ಬೇರೂ ನೀರೂ ಕೆಳಗೆ ಇಳಿಯುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆಯಾದರೂ ಆಳದ ನೇಗಿಲು ಹೊಡೆಯಿರಿ.

4. ಕ್ಲಚ್, ಪಿಟಿಒ, ಹೈಡ್ರಾಲಿಕ್

ಸಿಂಗಲ್ ಕ್ಲಚ್ ಗಾಡಿಯಲ್ಲಿ ಕ್ಲಚ್ ತುಳಿದರೆ ಗಾಲಿಯೂ ನಿಲ್ಲುತ್ತದೆ, ಪಿಟಿಒ ಕೂಡ ನಿಲ್ಲುತ್ತದೆ. ಡ್ಯುಯಲ್ ಕ್ಲಚ್‌ನಲ್ಲಿ ಅರ್ಧ ತುಳಿದರೆ ಗಾಲಿ ಮಾತ್ರ ನಿಂತು ಪಿಟಿಒ ತಿರುಗುತ್ತಲೇ ಇರುತ್ತದೆ. ರೋಟವೇಟರ್, ಮೇವು ಕಟ್ಟುವ ಬೇಲರ್ ಓಡಿಸುವವರಿಗೆ ಇದು ಬೇಕೇ ಬೇಕು. ಬರೀ ಕಲ್ಟಿವೇಟರ್, ಟ್ರೇಲರ್ ಅಂದರೆ ಸಿಂಗಲ್ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಪಿಟಿಒ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು. ಅದು ಯಾವ ಇಂಜಿನ್ ವೇಗಕ್ಕೆ ಬರುತ್ತದೆ ಅನ್ನುವ ಗುರುತು ಮೀಟರಿನಲ್ಲೇ ಇರುತ್ತದೆ. ಔಷಧ ಹೊಡೆಯುವಂಥ ಹಗುರ ಕೆಲಸ ಜಾಸ್ತಿ ಇದ್ದರೆ 540-ಇ ಇರುವ ಗಾಡಿ ನೋಡಿ. ಕಮ್ಮಿ ಇಂಜಿನ್ ವೇಗದಲ್ಲೇ ಅಷ್ಟೇ ಸುತ್ತು ಬರುತ್ತದೆ, ಡೀಸೆಲ್ ಉಳಿಯುತ್ತದೆ.

ಸೀಟಿನ ಪಕ್ಕ, ಸಲಕರಣೆ ಎತ್ತಿ ಇಳಿಸುವ ಹೈಡ್ರಾಲಿಕ್‌ಗೆ ಎರಡು ಲಿವರ್ ಇರುತ್ತವೆ. ಬಹಳ ಜನ ಒಂದನ್ನೇ ಮುಟ್ಟುತ್ತಾರೆ, ಇನ್ನೊಂದು ತುಕ್ಕು ಹಿಡಿದಿರುತ್ತದೆ. ಒಂದು ಪೊಸಿಷನ್ ಕಂಟ್ರೋಲ್: ಸಲಕರಣೆಯನ್ನು ಇಟ್ಟ ಎತ್ತರದಲ್ಲೇ ಹಿಡಿದಿಡುತ್ತದೆ. ರೋಟವೇಟರ್, ಕೂರಿಗೆ, ಸ್ಪ್ರೇಯರ್‌ಗೆ ಅದು. ಇನ್ನೊಂದು ಡ್ರಾಫ್ಟ್ ಕಂಟ್ರೋಲ್: ಮಣ್ಣು ಗಟ್ಟಿಯಾಗಿ ಎಳೆತ ಹೆಚ್ಚಾದಾಗ ನೇಗಿಲನ್ನು ತಾನಾಗಿ ಒಂದಿಷ್ಟು ಮೇಲೆತ್ತಿ ಮತ್ತೆ ಇಳಿಸುತ್ತದೆ. ನೇಗಿಲು ಹೊಡೆಯುವಾಗ ಇದನ್ನು ಬಳಸಿದರೆ ಇಂಜಿನ್ ನರಳುವುದು ನಿಲ್ಲುತ್ತದೆ. 1920ರ ದಶಕದಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ ತಲೆ ಕೆಡಿಸಿಕೊಂಡದ್ದು ಇದಕ್ಕೇ. ಆಗ ನೇಗಿಲನ್ನು ಟ್ರ್ಯಾಕ್ಟರ್ ಹಿಂದೆ ಸುಮ್ಮನೆ ಕಟ್ಟಿ ಎಳೆಯುತ್ತಿದ್ದರು, ಕಲ್ಲಿಗೆ ಸಿಕ್ಕರೆ ಗಾಡಿಯ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತಿತ್ತು. ಇವತ್ತು ಎಲ್ಲ ಗಾಡಿಗಳ ಹಿಂದೆ ಕಾಣುವ ಮೂರು ತೋಳಿನ ಜೋಡಣೆ ಅವನ ಆ ಕೆಲಸದಿಂದ ಬಂದದ್ದು.

5. ನಿಮ್ಮ ಹೊಲದಲ್ಲೇ ಓಡಿಸಿ ನೋಡಿ

ಶೋರೂಮ್ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಡೆಮೊ ನಿಮ್ಮ ಹೊಲದಲ್ಲಿ, ನಿಮ್ಮ ಸಲಕರಣೆ ಕಟ್ಟಿಯೇ ಆಗಲಿ. ಸೀಮೆಸುಣ್ಣ, ಟೇಪು, ಲೀಟರ್ ಗುರುತಿನ ಕ್ಯಾನು ಇಟ್ಟುಕೊಳ್ಳಿ.

ಹಿಂದಿನ ಟೈರಿಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿ. ಸಲಕರಣೆ ಮೇಲೆತ್ತಿಕೊಂಡು ಹತ್ತು ಸುತ್ತು ಹೋಗಲು ಹೇಳಿ, ಎಷ್ಟು ದೂರ ಹೋಯಿತು ಅಳೆಯಿರಿ. 40 ಮೀಟರ್ ಅನ್ನಿ. ಈಗ ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. 35 ಮೀಟರ್ ಬಂದರೆ ಜಾರುವುದು ನೂರಕ್ಕೆ ಹನ್ನೆರಡೂವರೆ, ಚಿಂತೆ ಇಲ್ಲ. 30ಕ್ಕೆ ಇಳಿದರೆ ಕಾಲು ಭಾಗ ಡೀಸೆಲ್ ಗಾಲಿ ಜಾರಿಸುವುದಕ್ಕೇ ಹೋಗುತ್ತಿದೆ ಅಂತ ಅರ್ಥ. ತೂಕ ಹೆಚ್ಚಿಸಿ ನೋಡಿ, ಆಗಲೂ ಹಾಗೇ ಇದ್ದರೆ ಆ ಗಾಡಿ ನಿಮ್ಮ ಮಣ್ಣಿಗಲ್ಲ.

ಡೀಸೆಲ್ ಅಳತೆಯೂ ಸುಲಭ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಟ್ಯಾಂಕ್ ಬಾಯಿವರೆಗೆ ತುಂಬಿಸಿ. ಅಳೆದ ಒಂದು ಎಕರೆ ಮುಗಿಸಿ ಅದೇ ಜಾಗಕ್ಕೆ ತಂದು, ಕ್ಯಾನಿನಿಂದ ಮತ್ತೆ ಬಾಯಿವರೆಗೆ ತುಂಬಿಸಿ. ಗಂಟೆಗೆ ಎಷ್ಟು ಅನ್ನುವುದಕ್ಕಿಂತ ಎಕರೆಗೆ ಎಷ್ಟು ಅನ್ನುವುದು ಮುಖ್ಯ. ಗಂಟೆಗೆ ಕಮ್ಮಿ ಕುಡಿದು ನಿಧಾನ ಮಾಡುವ ಗಾಡಿಯಿಂದ ಏನು ಲಾಭ?

ಹಳೇ ಗಾಡಿ ಕೊಳ್ಳುವವರು ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಅನುಮಾನ ಪಡಿ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಭುಸುಭುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ಇದ್ದರೆ ನೀರು ಸೇರಿದೆ, ಕೈ ಮುಗಿದು ಬನ್ನಿ. ಭಾರದ ಸಲಕರಣೆ ಎತ್ತಿ ಇಂಜಿನ್ ಆಫ್ ಮಾಡಿ: ಸರಸರ ಇಳಿದರೆ ಹೈಡ್ರಾಲಿಕ್ ಖರ್ಚು ಕಾದಿದೆ. ಆರ್‌ಸಿ ಮೇಲೆ ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.

6. ಪ್ರಾಣಕ್ಕೆ ಎರವಾಗುವ ಮೂರು ಕೆಲಸ

ನಿಮಿಷಕ್ಕೆ 540 ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಲುಂಗಿಯ ಅಂಚೋ ಸೀರೆಯ ಸೆರಗೋ ಪಿಟಿಒ ಶಾಫ್ಟಿಗೆ ತಾಗಿದರೆ ಕೂಗುವಷ್ಟರಲ್ಲಿ ಸುತ್ತಿಕೊಂಡಿರುತ್ತದೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದರೆ ಅವತ್ತೇ ಹೊಸದು ಹಾಕಿ. ಒಕ್ಕಣೆ ಸಮಯದಲ್ಲಿ ಹೆಗಲ ಮೇಲಿನ ಟವೆಲ್ ಕೆಳಗಿಡಿ.

ಕೆಸರಲ್ಲಿ ಹೂತಾಗ ಹಿಂದಿನ ಗಾಲಿಗೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎತ್ತಿಸುವ ರೂಢಿ ಇದೆ. ಗಾಲಿ ತಿರುಗಲಾರದೆ ನಿಂತರೆ, ಗಾಲಿಯ ಬದಲು ಗಾಡಿಯೇ ಆಕ್ಸಲ್ ಸುತ್ತ ತಿರುಗಿ ಡ್ರೈವರ್ ಮೇಲೆ ಮಗುಚುತ್ತದೆ. ರಿವರ್ಸ್‌ನಲ್ಲಿ ಬರಲು ನೋಡಿ, ಆಗದಿದ್ದರೆ ಇನ್ನೊಂದು ಗಾಡಿ ಕರೆಸಿ. ಎಳೆಯುವ ಸರಪಳಿ ಯಾವತ್ತೂ ಕೆಳಗಿನ ಕೊಕ್ಕೆಗೇ ಇರಲಿ, ಮೇಲಿನ ತೋಳಿಗೆ ಕಟ್ಟಬೇಡಿ.

ಹೊಲದಲ್ಲಿ ತಿರುಗಿಸಲು ಎಡ ಬಲ ಬ್ರೇಕ್ ಬೇರೆ ಬೇರೆ ಇರುತ್ತವೆ ಅಲ್ವಾ, ರಸ್ತೆಗೆ ಬರುವ ಮುಂಚೆ ಅವೆರಡನ್ನೂ ಕೂಡಿಸುವ ಚಿಲಕ ಹಾಕಿ. ತುಂಬಿದ ಡಬ್ಬಿ ಇದ್ದಾಗ ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಗಾಡಿ ಅಡ್ಡಡ್ಡ ತಿರುಗುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದಂತೂ ಬೇಡವೇ ಬೇಡ.

7. ಕಾಗದ ಪತ್ರ

2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಕೊಟೇಶನ್‌ನಲ್ಲಿ ಅಷ್ಟೇ ಹಾಕಿದ್ದಾರಾ ನೋಡಿ. ಸಬ್ಸಿಡಿ ವಿಚಾರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಹಿಡಿದುಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಆದರೆ ಗಾಡಿ ತಗೊಳ್ಳುವ ಮುಂಚೆ ಹೋಗಿ, ತಗೊಂಡ ಮೇಲಲ್ಲ. ಟ್ರೇಲರ್‌ಗೆ ಬೇರೆಯೇ ನೋಂದಣಿ, ಬೇರೆಯೇ ವಿಮೆ ಬೇಕು. ಕೃಷಿಗೆ ಅಂತ ವಿಮೆ ಮಾಡಿಸಿದ ಗಾಡಿಯಲ್ಲಿ ಬಾಡಿಗೆಗೆ ಮರಳು, ಇಟ್ಟಿಗೆ ಹೊತ್ತಾಗ ಅಪಘಾತವಾದರೆ ಕ್ಲೇಮ್ ತಿರಸ್ಕಾರವಾಗಬಹುದು.

ಗಾಡಿ ಮನೆಗೆ ಬಂದ ದಿನವೇ ಗಂಟೆ ಮೀಟರ್ ಎಷ್ಟು ತೋರಿಸುತ್ತಿದೆ ಅಂತ ಬರೆದಿಟ್ಟುಕೊಳ್ಳಿ. ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ. ಅಷ್ಟರೊಳಗೆ ಪೂರ್ತಿ ಭಾರ ಹಾಕಬೇಡಿ, ಗಾಲಿಯ ನಟ್ಟುಗಳನ್ನು ಒಂದೆರಡು ಸಲ ಬಿಗಿ ಮಾಡಿಸಿ.